ಮುಚ್ಚಿದ ದೂರು, ತೆರೆದ ತೊಟ್ಟಿ

ಕನ್ನಡದಲ್ಲಿ ‘ದೂರು’ ಎಂಬ ಮಾತಿಗೆ ಎರಡು ಮುಖ. ನಾಮಪದವಾದರೆ ಅಹವಾಲು, ಕ್ರಿಯಾಪದವಾದರೆ ನಿಂದೆ. ಬೀದಿಬದಿಯ ಕಸದ ತೊಟ್ಟಿ ತುಂಬಿ ಚೆಲ್ಲಿದೆ, ಮುಚ್ಚಳ ಕಿತ್ತುಹೋಗಿದೆ, ಯಾರೋ ಬೆಂಕಿಯಿಟ್ಟು ಪ್ಲಾಸ್ಟಿಕ್ ತೊಟ್ಟಿಯೇ ಕರಗಿದೆ, ನಿನ್ನೆಯವರೆಗೆ ಇದ್ದ ಸ್ಟೀಲಿನ ಡಬ್ಬ ಇಂದು ಕಾಣೆಯಾಗಿದೆ ಎಂಬಂಥ ಸುದ್ದಿಯನ್ನು ಪಾಲಿಕೆಗೆ ಮುಟ್ಟಿಸುವ ಕೆಲಸ ಈ ಎರಡು ಅರ್ಥಗಳ ನಡುವೆ ಸಿಕ್ಕಿಕೊಂಡಿದೆ. ಹೇಳುವವರು ಮಾಹಿತಿ ಕೊಟ್ಟೆವೆಂದುಕೊಳ್ಳುತ್ತಾರೆ. ಕೇಳಿಸಿಕೊಳ್ಳುವ ಕಚೇರಿಗೆ ಅದು ತನ್ನ ಮೇಲೆ ಬಂದ ಆರೋಪ. ಆರೋಪ ಬಂದರೆ ಆದಷ್ಟು ಬೇಗ ಕೈತೊಳೆದುಕೊಳ್ಳಬೇಕು ಅನ್ನಿಸುವುದು ಸಹಜ. ಹಾಗಾಗಿಯೇ ನಮ್ಮ ನಗರಗಳಲ್ಲಿ ಕಸದ ದೂರಿನ ವ್ಯವಸ್ಥೆ ಎಷ್ಟು ಸುಧಾರಿಸಿದರೂ ಕಸದ ಮೂಲೆಗಳು ಸುಧಾರಿಸುವುದಿಲ್ಲ. ಒಂದೇ ತಿರುವಿನ ಬಗ್ಗೆ ನೂರು ಸಲ ದೂರು ಬಂದು ನೂರು ಸಲವೂ ‘ಪರಿಹರಿಸಲಾಗಿದೆ’ ಎಂದು ದಾಖಲಾದರೆ ಕಚೇರಿಯ ಲೆಕ್ಕದಲ್ಲಿ ಅದು ನೂರು ಯಶಸ್ಸು, ಬೀದಿಯ ಲೆಕ್ಕದಲ್ಲಿ ನೂರು ದಿನ ಮುಂದುವರಿದ ಒಂದೇ ಸೋಲು. ಎಣಿಸಬೇಕಾದದ್ದು ದೂರನ್ನೋ ಜಾಗವನ್ನೋ ಎಂಬ ಪ್ರಶ್ನೆಯನ್ನು ಇತ್ಯರ್ಥ ಮಾಡದೆ ಹೊಸ ಆ್ಯಪ್, ಹೊಸ ಸಹಾಯವಾಣಿಗಳನ್ನು ತಂದು ಪ್ರಯೋಜನವಿಲ್ಲ.

ತೊಟ್ಟಿಯ ಚರಿತ್ರೆಯಲ್ಲೇ ಈ ಗೊಂದಲದ ಬೇರಿದೆ. 1883ರಲ್ಲಿ ಪ್ಯಾರಿಸ್ಸಿನ ಆಡಳಿತಾಧಿಕಾರಿ ಯೂಜೀನ್ ಪೂಬೆಲ್ ಪ್ರತಿ ಕಟ್ಟಡದ ಮಾಲೀಕ ಮುಚ್ಚಳವಿರುವ ಕಸದ ಪಾತ್ರೆ ಇಡಬೇಕೆಂದು ಆಜ್ಞೆ ಹೊರಡಿಸಿದ. ಫ್ರೆಂಚರು ಇವತ್ತಿಗೂ ಕಸದ ಡಬ್ಬಿಯನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಅಲ್ಲಿ ಪಾತ್ರೆಗೊಬ್ಬ ಒಡೆಯನಿದ್ದ, ಆದ್ದರಿಂದ ತಪ್ಪಿಗೂ ಒಬ್ಬ ಹೊಣೆಗಾರನಿದ್ದ. ನಮ್ಮಲ್ಲಿ ತೊಟ್ಟಿ ಬಂದದ್ದು ಬೀದಿಯ ಸೊತ್ತಾಗಿ: ಸಿಮೆಂಟಿನ ಉಂಗುರ, ಇಟ್ಟಿಗೆಯ ಕಟ್ಟೆ, ಕೆಲವೆಡೆ ಬರೀ ಗೋಡೆಯ ಮೂಲೆ. ಅದು ಎಲ್ಲರದಾದ್ದರಿಂದ ಯಾರದೂ ಅಲ್ಲ. 2000ದ ನಗರ ಘನತ್ಯಾಜ್ಯ ನಿಯಮಗಳು ಹಸಿಕಸಕ್ಕೆ ಹಸಿರು, ಮರುಬಳಕೆಯ ಕಸಕ್ಕೆ ಬಿಳಿ, ಉಳಿದದ್ದಕ್ಕೆ ಕಪ್ಪು ತೊಟ್ಟಿ ಎಂದು ಬಣ್ಣ ನಿಗದಿ ಮಾಡಿದವು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಬೆಂಗಳೂರು ಬೇರೆ ದಾರಿ ಹಿಡಿದು, ಮನೆಮನೆಯಿಂದ ಕಸ ಎತ್ತುತ್ತೇವೆ, ಬೀದಿಗೆ ತೊಟ್ಟಿಯೇ ಬೇಡ ಎಂದಿತು. ತೊಟ್ಟಿಗಳು ಎದ್ದುಹೋದವು, ಆದರೆ ಅವು ಇದ್ದ ಜಾಗದ ನೆನಪು ಜನರ ಕೈಯಿಂದ ಹೋಗಲಿಲ್ಲ. ಖಾಲಿ ಮೂಲೆಗೇ ಕಸ ಬೀಳತೊಡಗಿತು. ಅದಕ್ಕೆ ‘ಬ್ಲ್ಯಾಕ್ ಸ್ಪಾಟ್’ ಎಂಬ ಹೆಸರೂ ಬಂತು. 2018ರ ಸುಮಾರಿಗೆ ಅದೇ ನಗರ ನೆಲದಡಿಯ ತೊಟ್ಟಿಗಳನ್ನು ಹೂಳಲು ಹೊರಟಿತು. ಹೀಗೆ ಇಟ್ಟು, ತೆಗೆದು, ಮತ್ತೆ ಇಟ್ಟ ಊರಿನಲ್ಲಿ ನಾಗರಿಕ ಏನೆಂದು ದೂರಬೇಕು? ತೊಟ್ಟಿ ತುಂಬಿದೆ ಎಂದರೆ ‘ಅಲ್ಲಿ ತೊಟ್ಟಿಯೇ ಇಲ್ಲವಲ್ಲ’ ಎಂಬ ಉತ್ತರ ಬರಬಹುದು, ಇಲ್ಲ ಎಂದರೆ ‘ಇದು ತೊಟ್ಟಿಮುಕ್ತ ನಗರ’ ಎಂಬ ಉತ್ತರ ಬರಬಹುದು.

ಕಾನೂನಿನಲ್ಲಿ ಮಾತ್ರ ಇಂಥ ಗೊಂದಲವಿಲ್ಲ. 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್‌ಗಳ ಅಧಿನಿಯಮದ 58ನೇ ಪ್ರಕರಣ ಕಸ ವಿಲೇವಾರಿಯನ್ನು ಪಾಲಿಕೆಯ ಕಡ್ಡಾಯ ಕರ್ತವ್ಯಗಳ ಪಟ್ಟಿಯಲ್ಲಿ ಇಟ್ಟಿದೆ. 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 12ನೇ ಅನುಸೂಚಿ ಘನತ್ಯಾಜ್ಯವನ್ನು ಸ್ಥಳೀಯ ಸಂಸ್ಥೆಗಳ ಕೆಲಸವೆಂದೇ ಹೆಸರಿಸಿದೆ. ಎಲ್ಲಕ್ಕಿಂತ ಮುಖ್ಯವಾದದ್ದು ಮಧ್ಯಪ್ರದೇಶದ ರತ್ಲಾಂ ಪಟ್ಟಣದ ಪ್ರಕರಣ. ತೆರೆದ ಚರಂಡಿ, ಹೊಲಸು, ದುರ್ನಾತ ತಾಳಲಾರದೆ ಅಲ್ಲಿನ ಒಂದು ವಾರ್ಡಿನ ನಿವಾಸಿಗಳು ಮ್ಯಾಜಿಸ್ಟ್ರೇಟರ ಮುಂದೆ ಹೋದರು. ಪುರಸಭೆ ‘ನಮ್ಮಲ್ಲಿ ದುಡ್ಡಿಲ್ಲ’ ಎಂದು ಸುಪ್ರೀಂ ಕೋರ್ಟಿನವರೆಗೂ ವಾದ ಒಯ್ದಿತು. 1980ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ವಾದವನ್ನು ತಳ್ಳಿಹಾಕಿದರು: ಶುಚಿತ್ವ ಪುರಸಭೆಯ ಮೂಲ ಕರ್ತವ್ಯ, ಹಣದ ಕೊರತೆ ಅದರಿಂದ ತಪ್ಪಿಸಿಕೊಳ್ಳುವ ನೆಪವಾಗದು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಬಾಗಿಲಿನಿಂದ ಕಸ ಸಂಗ್ರಹಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗೂ, ಬೇರ್ಪಡಿಸಿ ಕೊಡುವ ಹೊಣೆಯನ್ನು ನಾಗರಿಕರಿಗೂ ಹಂಚಿದವು. ಹಾಗಾದರೆ ತೊಟ್ಟಿಯ ಬಗ್ಗೆ ದೂರು ಕೊಡುವುದು ದಯೆ ಬೇಡುವುದಲ್ಲ, ಕಾಲುಕೆರೆದು ಜಗಳಕ್ಕೆ ಹೋಗುವುದೂ ಅಲ್ಲ. ಕಾನೂನು ಈಗಾಗಲೇ ಒಪ್ಪಿರುವ ಬಾಕಿಯನ್ನು ನೆನಪಿಸುವುದಷ್ಟೆ.

ಬಾಕಿ ಕೇಳಲು ಬಾಗಿಲುಗಳಿಗಂತೂ ಬರವಿಲ್ಲ. ಬೆಂಗಳೂರಿನ ಮಟ್ಟಿಗೇ ನೋಡಿದರೆ ಪಾಲಿಕೆಯ 1533 ಸಂಖ್ಯೆ, ‘ಸಹಾಯ’ ತಂತ್ರಾಂಶ, ಕೇಂದ್ರ ಸರ್ಕಾರ 2016ರಲ್ಲಿ ತಂದ ‘ಸ್ವಚ್ಛತಾ’ ಆ್ಯಪ್, ರಾಜ್ಯ ಸರ್ಕಾರದ 1902 ಜನಸ್ಪಂದನ, ಇವುಗಳ ಜತೆಗೆ ಸಾಮಾಜಿಕ ಜಾಲತಾಣ, ಬಡಾವಣೆಗಳ ವಾಟ್ಸ್‌ಆ್ಯಪ್ ಗುಂಪು, ಶಾಸಕರ ಕಚೇರಿ. ಇಷ್ಟು ಬಾಗಿಲುಗಳಿಂದ ಒಳಹೊಕ್ಕ ದೂರು ಕೊನೆಗೆ ಬಂದು ನಿಲ್ಲುವುದು ಆರೋಗ್ಯ ಪರಿವೀಕ್ಷಕರ ಫೋನಿನಲ್ಲಿ, ಅಲ್ಲಿಂದ ಮೇಸ್ತ್ರಿಯ ಕಿವಿಯಲ್ಲಿ. ಮೇಲಿನ ಬಾಗಿಲುಗಳು ಹೆಚ್ಚಿದಷ್ಟೂ ಕೆಳಗೆ ಒಂದೇ ಸುದ್ದಿ ನಾಲ್ಕು ವೇಷದಲ್ಲಿ ಬರುತ್ತದೆ. ಮೂಲೆ ಒಂದೇ ಎಂದು ಯಾವ ಕಡತವೂ ಗುರುತಿಸುವುದಿಲ್ಲ. ಇದರ ಮೇಲೆ ಹೊಣೆಯ ವಿಳಾಸವೇ ಬದಲಾಗುತ್ತ ಬಂದಿದೆ. 2020ರ ಸೆಪ್ಟೆಂಬರಿನಲ್ಲಿ ಆಗಿನ ನಗರ ಪಾಲಿಕೆಯಾದ ಬಿಬಿಎಂಪಿಯ ಚುನಾಯಿತ ಸದಸ್ಯರ ಅವಧಿ ಮುಗಿದು, ವಾರ್ಡಿಗೊಬ್ಬ ಕಾರ್ಪೊರೇಟರ್ ಇಲ್ಲದೆ ವರ್ಷಗಳು ಕಳೆದವು. 2021ರಲ್ಲಿ ಕಸಕ್ಕೆಂದೇ ಪ್ರತ್ಯೇಕ ಸರ್ಕಾರಿ ಕಂಪನಿ ಹುಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ಪಾಲಿಕೆಗಳು ಬಂದವು. ಪ್ರತಿ ಬದಲಾವಣೆಗೂ ಅದರದೇ ಕಾರಣಗಳಿರಬಹುದು. ಆದರೆ ರಾಜಕಾಲುವೆಯ ದಂಡೆಗೋ ಎರಡು ವಾರ್ಡುಗಳ ಗಡಿಗೋ ಬಿದ್ದ ಕಸದ ಪಾಲಿಗೆ ಇಂಥ ಬದಲಾವಣೆಯೆಲ್ಲ ‘ಅದು ನಮ್ಮ ವ್ಯಾಪ್ತಿಯದಲ್ಲ’ ಎನ್ನಲು ಸಿಗುವ ಇನ್ನೊಂದು ಅವಕಾಶ.

ದೂರು ‘ಮುಚ್ಚುವುದು’ ಎಂದರೇನು ಎಂಬುದನ್ನು ಇಲ್ಲಿ ಕೂಲಂಕಷವಾಗಿ ನೋಡಬೇಕು. ಕನ್ನಡದಲ್ಲಿ ‘ತಿಪ್ಪೆ ಸಾರಿಸುವುದು’ ಎಂಬ ಮಾತಿದೆ. ಕೊಳೆಯನ್ನು ತೆಗೆಯದೆ ಮೇಲೆ ಮೇಲೆ ಸಗಣಿ ಬಳಿದು ಚೊಕ್ಕಟವೆಂದು ತೋರಿಸುವುದು. ಕಸದ ದೂರಿನ ವಿಷಯದಲ್ಲಿ ಈ ಗಾದೆಯಂಥ ಮಾತು ಅಕ್ಷರಶಃ ನಿಜವಾಗುತ್ತದೆ. ಟಿಪ್ಪರ್ ಬಂದು ಗುಡ್ಡೆಯನ್ನು ಎತ್ತುತ್ತದೆ, ನೆಲಕ್ಕೆ ಬ್ಲೀಚಿಂಗ್ ಪುಡಿ ಎರಚಲಾಗುತ್ತದೆ, ಫೋಟೊ ತೆಗೆದು ಹಾಕಿ ದೂರನ್ನು ಮುಗಿಸಲಾಗುತ್ತದೆ. ಆ ಫೋಟೊ ಸುಳ್ಳಲ್ಲ. ಅದು ತೆಗೆದ ಗಳಿಗೆಯ ಸತ್ಯ. ಸಂಜೆಗೆ ಅಲ್ಲೇ ಮತ್ತೆ ಗಂಟುಗಳು ಬೀಳುತ್ತವೆ, ಹೊಸ ದೂರಿಗೆ ಹೊಸ ಸಂಖ್ಯೆ ಸಿಗುತ್ತದೆ. ಮುಗಿಸಿದ ದೂರುಗಳ ಪ್ರಮಾಣಕ್ಕೆ ಬಹುಮಾನ ಕಟ್ಟಿದಾಗ ಇದು ಇನ್ನಷ್ಟು ಗಟ್ಟಿಯಾಗುತ್ತದೆ. ನಗರಗಳ ಶುಚಿತ್ವವನ್ನು ಅಳೆಯುವ ಸ್ವಚ್ಛ ಸರ್ವೇಕ್ಷಣದ ಪಟ್ಟಿಯಲ್ಲಿ ಮೇಲೇರಲು ‘ಸ್ವಚ್ಛತಾ’ ಆ್ಯಪ್‌ನ ಬಳಕೆ ಮತ್ತು ಅಲ್ಲಿ ಬಂದ ದೂರುಗಳ ವಿಲೇವಾರಿಗೂ ಅಂಕಗಳಿದ್ದವು. ಅಂಕ ಯಾವುದಕ್ಕೋ ಆಡಳಿತದ ಕಣ್ಣು ಅದಕ್ಕೆ. ಮುಚ್ಚಿದ ದೂರಿಗೆ ಅಂಕವಿದ್ದು, ದೂರೇ ಹುಟ್ಟದ ಮೂಲೆಗೆ ಅಂಕವಿಲ್ಲವಾದರೆ, ಬೇಗ ಮುಚ್ಚಬಲ್ಲ ದೂರುಗಳು ನಿತ್ಯ ಹುಟ್ಟುತ್ತಿರುವುದೇ ವ್ಯವಸ್ಥೆಗೆ ಅನುಕೂಲ.

ಹಾಗಲ್ಲದೆ ಬೇರೆ ರೀತಿ ಎಣಿಸಬಹುದೆಂಬುದಕ್ಕೆ ನಿದರ್ಶನಗಳಿವೆ. ಇಂಗ್ಲೆಂಡಿನ 1990ರ ಪರಿಸರ ರಕ್ಷಣಾ ಕಾಯ್ದೆ ಸಾರ್ವಜನಿಕ ಜಾಗವನ್ನು ಕಸಮುಕ್ತವಾಗಿಡುವ ಕರ್ತವ್ಯವನ್ನು ಸ್ಥಳೀಯ ಆಡಳಿತದ ಮೇಲೆ ಹೊರಿಸಿತು. ಅದರಡಿ 2006ರಲ್ಲಿ ಬಂದ ಸಂಹಿತೆ ಜಾಗವನ್ನು ಅದರ ಬಳಕೆಯ ಒತ್ತಡದ ಪ್ರಕಾರ ವಿಂಗಡಿಸಿತು: ಜನದಟ್ಟಣೆಯ ಪೇಟೆಬೀದಿ ಕೊಳೆಯಾದರೆ ಅರ್ಧ ದಿನದೊಳಗೆ, ಮಧ್ಯಮ ಬಳಕೆಯ ಕಡೆ ಒಂದು ದಿನದೊಳಗೆ, ಜನವಿರಳ ಜಾಗದಲ್ಲಿ 14 ದಿನಗಳೊಳಗೆ ಅದು ಮೊದಲಿನ ಸ್ಥಿತಿಗೆ ಬರಬೇಕು. ಇಲ್ಲಿ ಗಡಿಯಾರ ಓಡುವುದು ಜಾಗ ಕೊಳೆಯಾದ ಗಳಿಗೆಯಿಂದ. ದೂರು ಯಾವಾಗ ಬಂತು, ಯಾರಿಂದ ಬಂತು ಎಂಬುದು ನಂತರದ ಮಾತು. ಆಡಳಿತ ಕದಲದಿದ್ದರೆ ಬಾಧೆಗೊಳಗಾದ ಯಾರೇ ಆಗಲಿ ಐದು ದಿನಗಳ ಲಿಖಿತ ಸೂಚನೆ ಕೊಟ್ಟು ಮ್ಯಾಜಿಸ್ಟ್ರೇಟ್ ನ್ಯಾಯಾಲಯದಿಂದ ಕಸ ತೆಗೆಸುವ ಆದೇಶ ಪಡೆಯಬಹುದು. 2007ರಲ್ಲಿ ಅಲ್ಲಿಯೇ ಮೈಸೊಸೈಟಿ ಎಂಬ ಸಂಸ್ಥೆ ಶುರುಮಾಡಿದ ‘ಫಿಕ್ಸ್‌ಮೈಸ್ಟ್ರೀಟ್’ ತಾಣದ ಹೊಸತನ ತಂತ್ರಜ್ಞಾನದಲ್ಲಿರಲಿಲ್ಲ. ದೂರು ಕೊಟ್ಟವನಿಗಷ್ಟೇ ಅಲ್ಲದೆ ದಾರಿಹೋಕನಿಗೂ ಕಾಣುವಂತೆ ಅದನ್ನು ನಕ್ಷೆಯ ಮೇಲೆ ಚುಚ್ಚಿಟ್ಟದ್ದೇ ಅದರ ವಿಶೇಷ. ನ್ಯೂಯಾರ್ಕ್ ನಗರ 2003ರಲ್ಲಿ ಆರಂಭಿಸಿದ 311 ಸೇವೆಯ ದೂರುಗಳ ದತ್ತಾಂಶವನ್ನೂ ಈಗ ಯಾರು ಬೇಕಾದರೂ ಇಳಿಸಿಕೊಂಡು ನೋಡಬಹುದು. ದೂರು ಬೀದಿಯಲ್ಲಿ ನಿಂತಾಗ ಅದನ್ನು ತಿಪ್ಪೆ ಸಾರಿಸಿ ಮುಗಿಸುವುದು ಕಷ್ಟ.

ಪಶ್ಚಿಮದ ಉದಾಹರಣೆ ನಮಗೆ ಹೊಂದದು ಎನ್ನುವವರಿಗೆ ಕರ್ನಾಟಕದ ಎರಡು ಪ್ರಯೋಗಗಳನ್ನು ನೆನಪಿಸಬಹುದು. ಸ್ಯಾಮ್ಯುಯೆಲ್ ಪಾಲ್ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ 1990ರ ದಶಕದ ಆರಂಭದಲ್ಲಿ ನಾಗರಿಕ ಅಂಕಪಟ್ಟಿಯ ಕೆಲಸ ಶುರುವಾಯಿತು. ಪಾಲಿಕೆ, ಜಲಮಂಡಳಿ, ವಿದ್ಯುತ್, ದೂರವಾಣಿ ಮೊದಲಾದ ಸಂಸ್ಥೆಗಳ ಬಗ್ಗೆ ಜನರ ಅಭಿಪ್ರಾಯವನ್ನು ಸಮೀಕ್ಷೆಯ ಮೂಲಕ ಕಲೆಹಾಕಿ, ಮಕ್ಕಳಿಗೆ ಕೊಡುವಂತೆ ಸಂಸ್ಥೆಗಳಿಗೆ ಅಂಕ ಕೊಡಲಾಯಿತು. 1999 ಮತ್ತು 2003ರಲ್ಲಿ ಅದೇ ಸಮೀಕ್ಷೆ ಮರುಕಳಿಸಿದಾಗ, ಮೊದಲ ಸಲ ತಳಮಟ್ಟದಲ್ಲಿದ್ದ ಜನರ ತೃಪ್ತಿ ಎದ್ದುಕಾಣುವಷ್ಟು ಮೇಲೇರಿತ್ತು. ಬಿಡಿಬಿಡಿ ಗೊಣಗಾಟ ಒಟ್ಟುಗೂಡಿ, ಬಹಿರಂಗವಾಗಿ, ಕಾಲಕಾಲಕ್ಕೆ ಮರಳಿ ಬಂದಾಗ ಆಡಳಿತ ಕಿವಿಗೊಡುತ್ತದೆ ಎಂಬುದು ಅದರ ಪಾಠ. ಎರಡನೆಯದು ‘ಸಕಾಲ’. 2011ರ ಕಾಯ್ದೆಯಡಿ 2012ರಲ್ಲಿ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಪ್ರತಿ ಅರ್ಜಿಗೂ ಒಂದು ಸಂಖ್ಯೆ, ಪ್ರತಿ ಸೇವೆಗೂ ಗಡುವು, ಆ ಗಡುವಿಗೆ ಹೊಣೆಯಾದ ನಿರ್ದಿಷ್ಟ ಅಧಿಕಾರಿ; ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಮೊತ್ತ ಚಿಕ್ಕದು. ಆದರೆ ವಿಳಂಬಕ್ಕೆ ಬೆಲೆಯಿದೆ, ಆ ಬೆಲೆ ತೆರುವವರು ಯಾರೆಂದು ಗೊತ್ತಿದೆ ಎಂಬ ತತ್ವ ದೊಡ್ಡದು. ಜನನ ಪ್ರಮಾಣಪತ್ರಕ್ಕೆ ಸಲ್ಲುವ ಈ ತತ್ವ ಕಸದ ಮೂಲೆಗೂ ಏಕೆ ಸಲ್ಲಬಾರದು?

ಇದಕ್ಕೆ ಬರುವ ಮೊದಲ ಆಕ್ಷೇಪ ಎಲ್ಲರಿಗೂ ಗೊತ್ತಿರುವಂಥದ್ದು: ಕಸ ಎಸೆಯುವವರೂ ಜನ, ದೂರು ಕೊಡುವವರೂ ಜನ, ಮೊದಲು ಜನ ತಿದ್ದಿಕೊಳ್ಳಲಿ. ಇದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಗೊತ್ತಾಗಬೇಕಾದರೆ ಯಾರು, ಯಾವ ಹೊತ್ತಿಗೆ, ಏಕೆ ಎಸೆಯುತ್ತಾರೆ ಎಂದು ನೋಡಬೇಕು. ಪಿ.ಜಿ.ಗಳಲ್ಲೂ ಒಂಟಿ ಕೋಣೆಗಳಲ್ಲೂ ಇರುವವರು ಕಸದ ಆಟೊ ಬರುವ ಮೊದಲೇ ಕೆಲಸಕ್ಕೆ ಹೊರಟಿರುತ್ತಾರೆ. ಕೈಯಲ್ಲಿದ್ದ ಗಂಟು ದಾರಿಯ ಮೂಲೆ ಸೇರುತ್ತದೆ. ಬೇಸಿಗೆ ಬಂದರೆ ಎಳನೀರಿನ ಬುರುಡೆ, ಆಯುಧಪೂಜೆ ಕಳೆದರೆ ಬಾಳೆಕಂದು, ಬೂದುಗುಂಬಳದ ಹೋಳು, ಭಾನುವಾರವಾದರೆ ಮಾಂಸದಂಗಡಿಯ ಉಳಿಕೆ. ಇವೆಲ್ಲ ಮೊದಲೇ ಊಹಿಸಬಹುದಾದ ಕಸ. ಜಾಗವಾರು, ಹೊತ್ತುವಾರು ಜೋಡಿಸಿಟ್ಟ ದೂರುಗಳೇ ಆಟೊದ ಸಮಯ ಎಲ್ಲಿ ತಪ್ಪಿದೆ, ತೊಟ್ಟಿ ಎಲ್ಲಿ ಚಿಕ್ಕದಾಗಿದೆ, ದಂಡ ಯಾರಿಗೆ ಬೀಳಬೇಕು ಎಂದು ತೋರಿಸಬಲ್ಲವು. ಜನರ ನಡತೆ ಗಾಳಿಯಲ್ಲಿ ಹುಟ್ಟುವುದೂ ಇಲ್ಲ. ನೆದರ್ಲೆಂಡ್ಸಿನ ಗ್ರೋನಿಂಗೆನ್ ನಗರದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಸೈಕಲ್ಲಿಗೆ ಸಿಕ್ಕಿಸಿದ ಚೀಟಿಯನ್ನು ಶುಚಿಯಾದ ಗೋಡೆಯ ಬಳಿ ನೆಲಕ್ಕೆಸೆದವರು ಶೇ 33ರಷ್ಟಿದ್ದರೆ, ಗೀಚುಬರಹದಿಂದ ಕೆಟ್ಟ ಗೋಡೆಯ ಬಳಿ ಎಸೆದವರು ಶೇ 69ರಷ್ಟು. ಬಿದ್ದ ಕಸ ಇನ್ನಷ್ಟು ಕಸವನ್ನು ಕರೆಯುತ್ತದೆ. ಹಾಗಿರುವಾಗ ಜನ ಸುಧಾರಿಸುವವರೆಗೆ ಮೂಲೆ ಕಾಯಲಿ ಎನ್ನುವುದು ಜನ ಸುಧಾರಿಸದಂತೆ ನೋಡಿಕೊಂಡ ಹಾಗೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ದೂರಿನ ಏಟು ಕೊನೆಗೆ ಬೀಳುವುದು ಪೌರಕಾರ್ಮಿಕರ ಬೆನ್ನಿನ ಮೇಲೆ. ದೂರು ಬಂದ ಬೀದಿಗೆ ಮೇಸ್ತ್ರಿ ಇಬ್ಬರನ್ನು ಓಡಿಸಿದರೆ ಅವರ ನಿತ್ಯದ ಬೀದಿ ಗುಡಿಸದೆ ಉಳಿಯುತ್ತದೆ, ನಾಳೆ ಅಲ್ಲಿಂದ ದೂರು ಬರುತ್ತದೆ. ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲೇ 500 ಜನರಿಗೆ ಒಬ್ಬ ಪೌರಕಾರ್ಮಿಕ ಬೇಕೆಂದು ಹೇಳಿತ್ತು. ರಾಜ್ಯ ಮುಂದೆ ಪಾಲಿಸಿಕೊಂಡು ಬಂದ ಲೆಕ್ಕ 700ಕ್ಕೆ ಒಬ್ಬರು. ದಿನಕ್ಕೆ ಸುಮಾರು 5,000 ಟನ್ ಕಸ ಹುಟ್ಟಿಸುವ ಊರಿನಲ್ಲಿ ತುಂಬಿದ ತೊಟ್ಟಿಯನ್ನು ಕಂಡು ಗುಡಿಸುವವರನ್ನು ದೂರುವುದು ಅನ್ಯಾಯವೇ ಸರಿ. ಆದರೆ ಈ ಅನ್ಯಾಯ ಹುಟ್ಟುವುದು ದೂರಿನಿಂದಲ್ಲ, ದೂರನ್ನು ಒಂಟಿ ಘಟನೆಯಾಗಿ ನೋಡುವ ಕ್ರಮದಿಂದ. ಘಟನೆಯಾದರೆ ತಪ್ಪಿತಸ್ಥರನ್ನು ಹುಡುಕುತ್ತೇವೆ, ಹತ್ತಿರ ಸಿಕ್ಕವರೇ ತಪ್ಪಿತಸ್ಥರಾಗುತ್ತಾರೆ. ಒಂದೇ ಮೂಲೆಯ ಮೂವತ್ತು ದಿನಗಳ ದಾಖಲೆಯನ್ನು ಒಟ್ಟಿಗೆ ಇಟ್ಟು ನೋಡಿದರೆ ಅದು ಪೌರಕಾರ್ಮಿಕರ ಪರವಾದ ಸಾಕ್ಷ್ಯವಾಗುತ್ತದೆ: ಬರಬೇಕಾದ ಕಾಂಪ್ಯಾಕ್ಟರ್ ಬರಲಿಲ್ಲ, ಇರಬೇಕಾದಷ್ಟು ಕೈಗಳು ಇರಲಿಲ್ಲ. ಗುತ್ತಿಗೆದಾರನಿಗೂ ಮೇಲಧಿಕಾರಿಗೂ ಕೇಳಬೇಕಾದ ಪ್ರಶ್ನೆ ಆಗ ತಾನಾಗಿ ಎದ್ದು ನಿಲ್ಲುತ್ತದೆ.

ಮೂರನೆಯದು ದನಿಯ ಅಸಮಾನತೆ. ಸ್ಮಾರ್ಟ್‌ಫೋನು, ಬಿಡುವು, ಅಧಿಕಾರಿಗಳೊಡನೆ ಮಾತಾಡುವ ಧೈರ್ಯ ಇರುವವರೇ ಹೆಚ್ಚು ದೂರು ಕೊಡುತ್ತಾರೆ. ದೂರಿನ ಹಿಂದೆ ಗಾಡಿ ಓಡಿದರೆ ಕೊಳೆಗೇರಿಗೆ ಗಾಡಿಯೇ ಸಿಗದು. ಇನ್ನೊಂದು ತಿರುವೂ ಇದೆ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1970ರಲ್ಲಿ ತೋರಿಸಿದಂತೆ, ಸೇವೆ ಕೆಟ್ಟಾಗ ಮನುಷ್ಯನಿಗೆ ಎರಡು ದಾರಿ: ದನಿಯೆತ್ತುವುದು ಅಥವಾ ಹೊರನಡೆಯುವುದು, ದನಿಯುಳ್ಳವರು ಹೊರನಡೆದರೆ ಉಳಿದವರ ಸೇವೆ ಇನ್ನಷ್ಟು ಕೆಡುತ್ತದೆ. 2016ರ ನಿಯಮಗಳು ದಿನಕ್ಕೆ ಸರಾಸರಿ 100 ಕಿಲೋಗಿಂತ ಹೆಚ್ಚು ಕಸ ಹುಟ್ಟಿಸುವವರನ್ನು ‘ಸಗಟು ಉತ್ಪಾದಕರು’ ಎಂದು ಕರೆದವು. ದೊಡ್ಡ ಅಪಾರ್ಟ್‌ಮೆಂಟ್‌ಗಳು ತಮ್ಮ ಕಸಕ್ಕೆ ಖಾಸಗಿ ಏರ್ಪಾಟು ಮಾಡಿಕೊಂಡಿವೆ. ಪರಿಸರದ ದೃಷ್ಟಿಯಿಂದ ಅದು ಒಳ್ಳೆಯದೇ, ಆದರೆ ಗೇಟಿನ ಹೊರಗಿನ ತೊಟ್ಟಿಯ ಬಗ್ಗೆ ಕೇಳುವ ಗಟ್ಟಿ ದನಿಗಳು ಅದರಿಂದ ಕಡಿಮೆಯಾಗುತ್ತವೆ. ಮದ್ದು ದೂರನ್ನು ಕೈಬಿಡುವುದರಲ್ಲಿಲ್ಲ. ದೂರು ಬರದ ವಾರ್ಡನ್ನು ಶುಚಿಯಾದ ವಾರ್ಡೆಂದು ಓದದೆ, ಅಲ್ಲಿಗೆ ತಪಾಸಣೆ ಹೆಚ್ಚಿಸಬೇಕು. ಮೌನವೂ ಒಂದು ಮಾಹಿತಿ. ಜಾಗವಾರು ಲೆಕ್ಕವಿದ್ದರೆ ಮಾತ್ರ ಆ ಮೌನ ನಕ್ಷೆಯಲ್ಲಿ ಖಾಲಿ ಜಾಗವಾಗಿ ಕಣ್ಣಿಗೆ ಬೀಳುತ್ತದೆ.

ದೂರೇ ಬೇಡ ಎನ್ನುವವರೂ ಇದ್ದಾರೆ. 2010ರಿಂದ ಬೆಂಗಳೂರಿನಲ್ಲಿ ಹೆಸರು ಹೇಳಿಕೊಳ್ಳದೆ ಕೆಲಸ ಮಾಡುತ್ತಿರುವ ‘ದಿ ಅಗ್ಲಿ ಇಂಡಿಯನ್’ ಬಳಗ ಬಾಯಿ ಮುಚ್ಚಿ ಕೆಲಸ ಮಾಡಬೇಕೆಂಬ ನಿಲುವಿನಿಂದ ಎಷ್ಟೋ ಕೊಳಕು ಮೂಲೆಗಳನ್ನು ಗುಡಿಸಿ, ಬಣ್ಣ ಬಳಿದು, ಗಿಡವಿಟ್ಟು ಬದಲಿಸಿದೆ. ಜಾಗದ ರೂಪ ಬದಲಾದರೆ ಜನರ ನಡತೆ ಬದಲಾಗುತ್ತದೆ ಎಂಬ ಅವರ ಅರಿವು ಈ ಲೇಖನದ ವಾದಕ್ಕೆ ಪೂರಕವೇ. ಅವರೂ ಜಾಗವನ್ನೇ ಎಣಿಸಿದರು. ಆದರೆ ಸ್ವಯಂಸೇವಕರು ರಂಗೋಲಿ ಹಾಕಿದ ಮೂಲೆಯಿಂದ ಕಸ ಐವತ್ತು ಹೆಜ್ಜೆ ಆಚೆಗೆ ಸರಿದರೆ ಅದನ್ನು ಹಿಂಬಾಲಿಸಬೇಕಾದವರು ಸಂಬಳ ಪಡೆಯುವ ಆಡಳಿತದವರು. ಇನ್ನು ಕೆಲವರು ಟೋಕಿಯೊ ಕಡೆಗೆ ಬೆರಳು ತೋರಿಸುತ್ತಾರೆ. 1995ರ ಸಾರಿನ್ ವಿಷಾನಿಲ ದಾಳಿಯ ನಂತರ ಅಲ್ಲಿ ಬೀದಿ ತೊಟ್ಟಿಗಳು ಬಹುಪಾಲು ಮಾಯವಾದವು, ಬೀದಿ ಕೊಳೆಯಾಗಲಿಲ್ಲ. ಕಸವನ್ನು ಮನೆಗೆ ಒಯ್ಯುವ ರೂಢಿಯೂ, ಇಂಥ ದಿನ ಇಂಥ ಕಸ ಎಂಬ ತಪ್ಪದ ವೇಳಾಪಟ್ಟಿಯೂ ಅಲ್ಲಿ ಒಟ್ಟಿಗೆ ಬೆಳೆದಿದ್ದವು. ಮೊದಲನೆಯದನ್ನು ಮಾತ್ರ ನಾವು ಎರವಲು ತರಲಾಗದು. ಸೆನ್ಸರ್ ಇದ್ದರೆ ತೊಟ್ಟಿಯೇ ಮಾತಾಡುತ್ತದಲ್ಲ ಎಂಬ ವಾದವೂ ಇದೆ. ಫಿಲಡೆಲ್ಫಿಯಾ ನಗರ 2009ರಲ್ಲಿ ಸೌರಶಕ್ತಿಯಿಂದ ಕಸ ಅದುಮುವ ತೊಟ್ಟಿಗಳನ್ನಿಟ್ಟು, ವಾರಕ್ಕೆ 17 ಸಲ ಖಾಲಿ ಮಾಡಬೇಕಾಗಿದ್ದುದನ್ನು 5ಕ್ಕೆ ಇಳಿಸಿದ್ದು ನಿಜ. ಸೆನ್ಸರ್ ತೊಟ್ಟಿ ತುಂಬಿದ್ದನ್ನು ಹೇಳಬಲ್ಲದು. ಮುಚ್ಚಳ ಮುರಿದು ನಾಯಿಗಳು ಎಳೆದಾಡಿದ್ದನ್ನು, ಪಕ್ಕದ ನೆಲದಲ್ಲಿ ಬಿದ್ದದ್ದನ್ನು, ತೊಟ್ಟಿ ತಪ್ಪು ಜಾಗದಲ್ಲಿದೆ ಎಂಬುದನ್ನು ಹೇಳಲು ಆ ದಾರಿಯಲ್ಲಿ ನಡೆಯುವ ಮನುಷ್ಯರೇ ಬೇಕು.

ಹಾಗಾದರೆ ಮಾಡಬೇಕಾದದ್ದು ಏನು? ವಿದ್ಯುತ್ ಕಂಬಕ್ಕಿರುವಂತೆ ಪ್ರತಿ ತೊಟ್ಟಿಗೂ, ಪ್ರತಿ ಬ್ಲ್ಯಾಕ್ ಸ್ಪಾಟಿಗೂ ಒಂದು ಶಾಶ್ವತ ಸಂಖ್ಯೆ ಬರಲಿ. ಯಾವ ಬಾಗಿಲಿನಿಂದ ಬಂದ ದೂರೂ ಆ ಸಂಖ್ಯೆಯ ಖಾತೆಗೇ ಜಮೆಯಾಗಲಿ. ಪೇಟೆ, ಬಸ್ ನಿಲ್ದಾಣ, ಬಡಾವಣೆ ಎಂದು ಜಾಗಕ್ಕೆ ತಕ್ಕ ಗಡುವೂ, ಹುದ್ದೆಯ ಹೆಸರಿನಲ್ಲಿ ಒಬ್ಬ ಹೊಣೆಗಾರರೂ ಇರಲಿ. ಫೋಟೊ ಹಾಕಿದ ಕೂಡಲೇ ದೂರು ಮುಗಿಯದೆ, ನಿಗದಿತ ದಿನಗಳವರೆಗೆ ಆ ಮೂಲೆಯಲ್ಲಿ ಮತ್ತೆ ಕಸ ಬೀಳದಿದ್ದರೆ ಮಾತ್ರ ಮುಗಿಯಲಿ. ಮುಗಿಸುವಾಗ ದೂರಿದವರ ಒಪ್ಪಿಗೆಯೂ ಬೇಕಾಗಲಿ. ಮೂರು ಸಲಕ್ಕಿಂತ ಹೆಚ್ಚು ದೂರು ಬಂದ ಜಾಗ ವಾರ್ಡ್ ಸಮಿತಿಯ ಮುಂದೆ ಬಂದು, ಆಟೊದ ಹೊತ್ತು ಬದಲಿಸಬೇಕೇ, ತೊಟ್ಟಿ ಇಡಬೇಕೇ, ತೆಗೆಯಬೇಕೇ, ದಂಡ ಹಾಕಬೇಕೇ ಎಂಬ ತೀರ್ಮಾನ ಅಲ್ಲಿ ಎಲ್ಲರೆದುರು ಆಗಲಿ. ಇದರಲ್ಲಿ ದುಬಾರಿ ಯಂತ್ರ ಯಾವುದೂ ಇಲ್ಲ. ಇದಕ್ಕೆ ಅಡ್ಡಿಯಾಗಿರುವುದು ಅಭ್ಯಾಸ: ಕಚೇರಿಗೆ ದೂರನ್ನು ಆರೋಪವೆಂದು ಕಂಡು ಮುಚ್ಚಿಹಾಕುವ ಅಭ್ಯಾಸ, ನಾಗರಿಕರಿಗೆ ಒಮ್ಮೆ ದೂರಿ ಕೈಬಿಡುವ ಅಭ್ಯಾಸ. ಕಾಲು ಶತಮಾನದ ಹಿಂದೆ ತೊಟ್ಟಿ ಎತ್ತಿದ ಮೂಲೆಗೆ ಜನ ಇಂದಿಗೂ ಕಸ ತರುವುದು ಆ ಜಾಗವನ್ನು ಅವರು ಮರೆತಿಲ್ಲವಾದ್ದರಿಂದ. ಎಸೆಯುವವರಿಗೆ ಇರುವಷ್ಟು ಜಾಗದ ನೆನಪು ಎತ್ತುವವರ ಕಡತಕ್ಕೂ ಬಂದ ದಿನ ದೂರು ಕೊಡುವುದಕ್ಕೆ ಒಂದು ಅರ್ಥ ಬರುತ್ತದೆ.